ಹೊಗೆ ಬರುವ ಮುಂಚೆ: ಕಲ್ಲಿದ್ದಲು ಗಣಿಗಾರರಿಗೆ ಚರ್ಚೆಯ ಮೂಲಕ ತರಬೇತಿ

‘ಒಳಗೆ ಬೆಂಕಿ ಬಿದ್ದರೆ ಏನು ಮಾಡ್ತೀರಿ?’ ಎಂದು ತರಗತಿಯಲ್ಲಿ ಕೇಳಿದರೆ ಸರಿಯುತ್ತರ ಎಲ್ಲರ ಬಾಯಲ್ಲೂ ಸಿದ್ಧವಿರುತ್ತದೆ: ಸೆಲ್ಫ್ ರೆಸ್ಕ್ಯೂಯರ್ (ಸೊಂಟದಲ್ಲಿರುವ, ತುರ್ತಿನಲ್ಲಿ ಆಮ್ಲಜನಕ ಕೊಡುವ ಉಸಿರಾಟದ ಉಪಕರಣ) ಹಾಕಿಕೊಂಡು ಹೊರಗೆ ಬರ್ತೀವಿ. ಇದರಿಂದ ಯಾರೂ ಏನೂ ಕಲಿಯುವುದಿಲ್ಲ. ಗಣಿಯೊಳಗೆ ‘ಬೆಂಕಿ’ ಎಂಬ ಹೆಸರು ಹೊತ್ತು ಯಾವುದೂ ಬರುವುದಿಲ್ಲ. ಬರುವುದು ಸುಟ್ಟ ರಬ್ಬರಿನ ವಾಸನೆ, ಅದೂ ಕಲ್ಲಿದ್ದಲು ಸಾಗಿಸುವ ಬೆಲ್ಟ್ ಉಜ್ಜುವಾಗ ದಿನವೂ ಬರುವಂಥದ್ದೇ.

ಅದಕ್ಕೇ ನಾವು ಸುದ್ದಿಯನ್ನು ತುಂಡು ತುಂಡಾಗಿ ಕೊಡುತ್ತೇವೆ. ಪ್ರತಿ ತುಂಡಿಗೂ ಗುಂಪು ಒಂದು ತೀರ್ಮಾನ ಬರೆದುಕೊಡಬೇಕು, ಆಮೇಲಷ್ಟೇ ಮುಂದಿನದನ್ನು ತೆರೆಯುವುದು. 1980ರ ದಶಕದಲ್ಲಿ ಅಮೆರಿಕದ ಕೆಂಟಕಿ ವಿಶ್ವವಿದ್ಯಾಲಯದವರು ಇದನ್ನೇ ಅದೃಶ್ಯ ಶಾಯಿಯಲ್ಲಿ ಮಾಡಿದ್ದರು: ವಿಶೇಷ ಪೆನ್ನಿನಿಂದ ಉಜ್ಜಿದರೆ ಮಾತ್ರ ಉತ್ತರ ಮೂಡುತ್ತಿತ್ತು, ಒಮ್ಮೆ ಉಜ್ಜಿದ್ದನ್ನು ಅಳಿಸುವಂತಿರಲಿಲ್ಲ. ನಮಗೆ ಲಕೋಟೆ ಸಾಕು. ಆದರೆ ‘ಬರೆದ ಮೇಲೆ ಬದಲಾಯಿಸುವಂತಿಲ್ಲ’ ಎಂಬ ನಿಯಮವನ್ನು ಸಡಿಲಿಸಿದರೆ ಇಡೀ ಅಭ್ಯಾಸವೇ ವ್ಯರ್ಥ.

ಒಂದು ತರಗತಿಗೆ 12 ಜನ, ನಾಲ್ವರ ಮೂರು ಗುಂಪು, ಎಂಟು ಲಕೋಟೆ, ಒಂದು ಗಂಟೆ. ಜೊತೆಗೆ ಅವರು ಕೆಲಸ ಮಾಡುವ ಡಿಸ್ಟ್ರಿಕ್ಟಿನದೇ (ಗಣಿಯೊಳಗಿನ ವಿಭಾಗದ್ದೇ) ನಕ್ಷೆ, ಗೋಡೆಯಷ್ಟು ದೊಡ್ಡದು. ಶುದ್ಧ ಗಾಳಿ ಒಳಬರುವ ಇಂಟೇಕಿಗೆ ನೀಲಿ, ಬಳಸಿದ ಗಾಳಿ ಹೊರಹೋಗುವ ರಿಟರ್ನಿಗೆ ಕೆಂಪು ಬಾಣ. ಕಲ್ಪಿತ ನಕ್ಷೆ ಕೊಟ್ಟರೆ ಅರ್ಧ ಗಂಟೆ ನಕ್ಷೆ ಓದುವುದರಲ್ಲೇ ಕಳೆಯುತ್ತದೆ. ಓದಲು ಬಾರದವರಿಗೆ ಲಕೋಟೆಯನ್ನು ಗಟ್ಟಿಯಾಗಿ ಓದಿ ಹೇಳಬೇಕು, ಅವರ ಮಾತಿನಲ್ಲೇ. ಗೋದಾವರಿ ಕಣಿವೆಯಲ್ಲಾದರೆ ತೆಲುಗು, ಝರಿಯಾದಲ್ಲಾದರೆ ಹಿಂದಿ.

ಹೆಚ್ಚು ಬಳಸುವ ಪ್ರಸಂಗ ಬೆಲ್ಟ್ ಬೆಂಕಿಯದು. ಫೇಸಿನಲ್ಲಿ, ಅಂದರೆ ಕಲ್ಲಿದ್ದಲು ಕಡಿಯುವ ಜಾಗದಲ್ಲಿ, ಏಳು ಜನ. ಬೆಲ್ಟ್ ಇರುವುದು ಇಂಟೇಕಿನಲ್ಲಿ, ಅಂದರೆ ಹೊಗೆ ಶುದ್ಧ ಗಾಳಿಯ ದಾರಿ ಹಿಡಿದೇ ಫೇಸಿಗೆ ಬರುತ್ತದೆ. ಮೊದಲ ಲಕೋಟೆಯಲ್ಲಿ ಬರೀ ವಾಸನೆ. ಎರಡನೆಯದರಲ್ಲಿ ಬೆಲ್ಟ್ ನಿಂತಿದೆ, ಫೋನ್ ಎತ್ತಿದರೆ ಸದ್ದಿಲ್ಲ. ಮೂರರಲ್ಲಿ ಡಿಟೆಕ್ಟರ್ ಕಾರ್ಬನ್ ಮೊನಾಕ್ಸೈಡ್ 60 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 60) ತೋರಿಸುತ್ತದೆ, ಹೊಗೆ ಇನ್ನೂ ಕಣ್ಣಿಗೆ ಕಾಣದು. ಮೂರೂ ಗುಂಪು ಇಲ್ಲಿ ಬೇರೆ ಬೇರೆ ದಾರಿ ಹಿಡಿಯುತ್ತವೆ. ‘ಉಪಕರಣ ಉಳಿಸಿಕೊಳ್ಳೋಣ, ದಟ್ಟ ಹೊಗೆ ಬಂದಾಗ ಹಾಕಿಕೊಳ್ಳೋಣ’ ಎನ್ನುವವರು ಪ್ರತಿ ಸಲವೂ ಇರುತ್ತಾರೆ. ಅವರ ಲೆಕ್ಕ ದಡ್ಡತನದ್ದಲ್ಲ, ಉಪಕರಣದ ಆಯುಸ್ಸು 30 ನಿಮಿಷವಷ್ಟೇ. ಆದರೆ ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತ ಸೇರಿದ ಮೇಲೆ ಮೊದಲು ಮಂಕಾಗುವುದು ಬುದ್ಧಿ, ಆಗ ಮೂಗಿನ ಕ್ಲಿಪ್ ಸಿಕ್ಕಿಸುವ ಕೆಲಸವೂ ತಪ್ಪುತ್ತದೆ. 1994ರಲ್ಲಿ ಪಶ್ಚಿಮ ಬಂಗಾಳದ ರಾಣಿಗಂಜ್ ಪ್ರದೇಶದ ನ್ಯೂ ಕೆಂದಾ ಗಣಿಯ ಬೆಂಕಿಯಲ್ಲಿ 55 ಜನ ಸತ್ತರು. ಆ ಗಣಿಯ ಹೆಸರನ್ನು ಲಕೋಟೆಯಲ್ಲಿ ಬರೆಯುವುದಿಲ್ಲ, ಚರ್ಚೆಯ ಹೊತ್ತಿಗೆ ಹೇಳುತ್ತೇವೆ. ಮೊದಲೇ ಹೇಳಿದರೆ ಉತ್ತರ ಊಹಿಸಿಬಿಡುತ್ತಾರೆ.

ನಾಲ್ಕನೆಯದು ಲೆಕ್ಕದ ಲಕೋಟೆ. ಹೊರದಾರಿ 1,200 ಮೀಟರ್. ಬೆಳಕಿನಲ್ಲಿ ನಿಮಿಷಕ್ಕೆ 60 ಮೀಟರ್, ಹೊಗೆಯಲ್ಲಿ ಗೋಡೆ ತಡವುತ್ತಾ 30 ಮೀಟರ್ ಎಂದು ಅಭ್ಯಾಸಕ್ಕಾಗಿ ಇಟ್ಟುಕೊಂಡಿದ್ದೇವೆ. ಪೂರ್ತಿ ಹೊಗೆಯಲ್ಲೇ ನಡೆದರೆ 40 ನಿಮಿಷ, ಕೈಯಲ್ಲಿರುವುದು 30. ಎಲ್ಲರೂ ಸುಮ್ಮನಾಗುತ್ತಾರೆ. ಆಮೇಲೆ ಒಬ್ಬರು ನಕ್ಷೆಯ ಹತ್ತಿರ ಹೋಗಿ ಪಕ್ಕದ ನಡೆದಾರಿಗೆ ಯಾವ ಬಾಗಿಲು, ಎಷ್ಟನೇ ಲೆವೆಲ್ಲಿನಲ್ಲಿ (ಅಡ್ಡ ಸುರಂಗದಲ್ಲಿ) ಎಂದು ಹುಡುಕತೊಡಗುತ್ತಾರೆ. ದಾರಿಯಲ್ಲಿ ಬದಲಿ ಉಪಕರಣ ಎಲ್ಲಿಟ್ಟಿದ್ದಾರೆಂಬ ಪ್ರಶ್ನೆಯೂ ಆಗಲೇ ಏಳುತ್ತದೆ. ಆ ಮೌನವನ್ನು ಬೋಧಕ ಮುರಿಯಬಾರದು. ಬಾಯಿ ಬಿಡದೆ ಕೂರುವುದೇ ಈ ಕೆಲಸದಲ್ಲಿ ಕಷ್ಟದ ಭಾಗ.

ಐದರಲ್ಲಿ ಒಬ್ಬ ‘ಉಸಿರು ಬಿಸಿ, ಗಾಳಿ ಸಾಲ್ತಿಲ್ಲ, ಇದು ಕೆಟ್ಟಿದೆ’ ಎಂದು ಬಾಯಿಂದ ಉಪಕರಣ ತೆಗೆಯಲು ನೋಡುತ್ತಾನೆ. ಉಪಕರಣದೊಳಗಿನ ಪೊಟ್ಯಾಸಿಯಂ ಸೂಪರಾಕ್ಸೈಡ್ ಆಮ್ಲಜನಕ ಕೊಡುವಾಗ ಶಾಖ ಬರಲೇಬೇಕು, ಬಿಸಿಯಾಗಿದೆ ಎಂದರೆ ಕೆಲಸ ಮಾಡುತ್ತಿದೆ ಎಂದರ್ಥ. ಓಡಿದರೆ ಗಾಳಿ ಸಾಲುವುದಿಲ್ಲ, ನಡಿಗೆ ನಿಧಾನಿಸಬೇಕು. 2006ರ ಜನವರಿ 2ರಂದು ಪಶ್ಚಿಮ ವರ್ಜೀನಿಯಾದ ಸೇಗೋ ಗಣಿಯಲ್ಲಿ 12 ಜನ ಸತ್ತಾಗ, ನಾಲ್ಕು ಉಪಕರಣ ಕೆಲಸ ಮಾಡಲಿಲ್ಲವೆಂದು ಬದುಕುಳಿದ ಒಬ್ಬರು ಹೇಳಿದ್ದರು. ಗಟ್ಟಿಮುಟ್ಟಾದ ಉಪಕರಣವನ್ನೂ ಮನುಷ್ಯ ಕೆಟ್ಟಿದೆಯೆಂದು ನಂಬಬಲ್ಲನೇ ಎಂಬ ಚರ್ಚೆ ಇಲ್ಲಿ ಹತ್ತು ನಿಮಿಷ ತೆಗೆದುಕೊಂಡರೂ ತಡೆಯಬಾರದು.

ಆರರಲ್ಲಿ ಫೋನ್ ಸಿಗುತ್ತದೆ. ಹೇಳಬೇಕಾದ್ದನ್ನು 25 ಪದಗಳಲ್ಲಿ ಬರೆಯಿರಿ ಎನ್ನುತ್ತೇವೆ. ಬರೆದದ್ದನ್ನು ಒಬ್ಬರಿಂದ ಒಬ್ಬರ ಕಿವಿಗೆ ಎರಡು ಸಲ ದಾಟಿಸಿ, ಮೂರನೆಯವರು ಹಲಗೆಯ ಮೇಲೆ ಬರೆಯುತ್ತಾರೆ. ಜಾಗದ ಹೆಸರು ಸರಿಯಾಗಿ ಉಳಿಯುತ್ತದೆ, ಜನರ ಸಂಖ್ಯೆ ತಪ್ಪುತ್ತದೆ. ‘ಹೊಗೆ’ ಎಂದದ್ದು ‘ಬೆಂಕಿ’ಯೋ ‘ಸ್ಫೋಟ’ವೋ ಆಗಿರುತ್ತದೆ. ಇದು ತಮಾಷೆಯಂತೆ ಕಂಡರೂ ಪರಿಣಾಮ ತಮಾಷೆಯದಲ್ಲ. 2001ರ ಸೆಪ್ಟೆಂಬರ್ 23ರಂದು ಅಲಬಾಮಾದ ಬ್ರೂಕ್‌ವುಡ್‌ನಲ್ಲಿ ಗಣಿಯೊಳಗಿನ ಮೊದಲ ಸ್ಫೋಟದಲ್ಲಿ ಗಾಯಗೊಂಡವರ ನೆರವಿಗೆ ಒಳಗೆ ಧಾವಿಸಿದವರನ್ನು ಎರಡನೆಯ ಸ್ಫೋಟ ಬಲಿ ತೆಗೆದುಕೊಂಡಿತು. ಒಟ್ಟು 13 ಸಾವು, ಅದರಲ್ಲಿ 12 ನೆರವಿಗೆ ಹೋದವರದು. ‘ಹಿಂದೆ ಒಬ್ಬ ಉಳಿದಿದ್ದಾನೆ’ ಎಂಬ ಏಳನೇ ಲಕೋಟೆ ಇಲ್ಲಿಂದಲೇ ಹುಟ್ಟಿದ್ದು. ಅದಕ್ಕೆ ನಾವು ಒಂದೇ ಸರಿಯುತ್ತರ ಇಟ್ಟಿಲ್ಲ.

ಎಂಟರಲ್ಲಿ ಗಾಳಿ ಕುಗ್ಗಿ ಮೀಥೇನ್ ಶೇ. 1.4 ಆಗಿದೆ. ಶೇ. 1.25 ದಾಟಿದರೆ ವಿದ್ಯುತ್ ಕಡಿತ ಎಂಬುದು ಎಲ್ಲರಿಗೂ ಗೊತ್ತು. ಆದರೆ ‘ಬೆಂಕಿಗೆ ಗಾಳಿ ಸಿಗದಿರಲಿ, ಮುಖ್ಯ ಫ್ಯಾನ್ ನಿಲ್ಲಿಸಿ’ ಎನ್ನುವ ಗುಂಪು ಆಗಾಗ ಸಿಗುತ್ತದೆ. ಫ್ಯಾನ್ ನಿಂತರೆ ಮೀಥೇನ್ ಶೇ. 5ರ ಕಡೆಗೆ, ಅಂದರೆ ಸಿಡಿಯುವ ಮಟ್ಟಕ್ಕೆ ಏರುತ್ತದೆ, ಹೊಗೆ ಎತ್ತ ತಿರುಗುವುದೋ ಒಳಗಿರುವವರಿಗೆ ತಿಳಿಯುವುದಿಲ್ಲ. ಒಳಗೆ ಜನರಿರುವಾಗ ಅದನ್ನು ಮುಟ್ಟುವ ತೀರ್ಮಾನ ಮೇಲಿನ ಮ್ಯಾನೇಜರನದು.

ಈ ಅಭ್ಯಾಸ ಕೆಡುವುದು ಹೆಚ್ಚಾಗಿ ಎರಡೇ ಕಡೆ. ಗುಂಪಿನಲ್ಲಿ ಓವರ್‌ಮ್ಯಾನ್ (ಮೇಲ್ವಿಚಾರಕ) ಕೂತರೆ ಉಳಿದ ಮೂವರು ಅವರ ಮುಖ ನೋಡಿ ಬರೆಯುತ್ತಾರೆ. ಆದ್ದರಿಂದ ಓವರ್‌ಮ್ಯಾನ್, ಸರ್ದಾರ್‌ಗಳಿಗೆ ಬೇರೆಯೇ ಗುಂಪು. ಇನ್ನೊಂದು, ಪಾಳಿ ಮುಗಿಸಿ ಬಂದವರನ್ನು ಕೂರಿಸುವುದು. ಮೂರನೇ ಲಕೋಟೆಗೇ ತೂಕಡಿಕೆ. ಪಾಳಿಗೆ ಇಳಿಯುವ ಮುನ್ನವೇ ಮಾಡಬೇಕು. ಅದೇ ದಿನ ಒಳಗೆ, ಹಾಲು ಬಣ್ಣದ ಪ್ಲಾಸ್ಟಿಕ್ ಅಂಟಿಸಿದ ಕನ್ನಡಕ ಹಾಕಿ, ನಕ್ಷೆಯಲ್ಲಿ ಹುಡುಕಿದ ಬಾಗಿಲನ್ನು ಕೈಯಿಂದ ತಡವಿ ತೆರೆಯಲು ಹೇಳುತ್ತೇವೆ. ಮೂರು ಗುಂಪಿನಲ್ಲಿ ಒಂದಾದರೂ ಬಾಗಿಲು ದಾಟಿ ಮುಂದಕ್ಕೆ ಹೋಗಿಬಿಟ್ಟಿರುತ್ತದೆ.