ಹಗೇವಿಗಿಳಿದ ಗಂಡುಮೊಲ

ಸಿಂಧನೂರಿನ ಬಿಸಿಲಿಗೆ ಮೇ ತಿಂಗಳಲ್ಲಿ ಮೊಲ ಗಬ್ಬ ನಿಲ್ಲುವುದಿಲ್ಲ ಎಂದು ನನಗೆ ಹೇಳದವರಿಲ್ಲ. ಹೋದ ಬೇಸಿಗೆ ಏಪ್ರಿಲ್ ಕೊನೆಯಿಂದ ಮೃಗಶಿರಾ ಮಳೆ ಹೂಡುವವರೆಗೆ 26 ಸಲ ಕೂಡಿಸಿದೆ, 17 ನಿಂತವು. 16 ಇದ್ದರೂ ಇರಬಹುದು, ಡೈರಿಯ ಆ ಹಾಳೆಯನ್ನು ಒಂದು ಮೊಲವೇ ತಿಂದು ಹಾಕಿದೆ. ಗಂಡುಮೊಲಗಳನ್ನು ನೆಲದ ಗುಂಡಿಗೆ ಇಳಿಸುತ್ತಾನೆಂದು ನಕ್ಕವರು ಈಗ ಬಂದು ನೋಡಿ ಹೋಗುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊಲ ಸಾಕಲು ಶುರು ಮಾಡಿದ್ದು 2018ರ ದೀಪಾವಳಿಗೆ. ಏಳು ಹೆಣ್ಣು, ಮೂರು ಗಂಡಿನ ಯೂನಿಟ್ ಎರಡು ತಂದೆ, ನ್ಯೂಜಿಲೆಂಡ್ ವೈಟ್ ಮತ್ತು ಸೋವಿಯತ್ ಚಿಂಚಿಲ್ಲಾ ತಳಿಯವು. ಮರಿಗಳನ್ನೆಲ್ಲ ತಾನೇ ಕೊಳ್ಳುತ್ತೇನೆಂದು ಸ್ಟ್ಯಾಂಪ್ ಪೇಪರಿನ ಮೇಲೆ ಬರೆದುಕೊಟ್ಟ ಕಂಪನಿ ಸಂಕ್ರಾಂತಿ ಆದಮೇಲೆ ಫೋನು ಎತ್ತಲಿಲ್ಲ. ಪಂಜರ, ಶೆಡ್ಡು, ಮೊಲ ಎಲ್ಲ ಸೇರಿ ಒಂದು ಲಕ್ಷದ ನಲವತ್ತು ಸಾವಿರದ ಹತ್ತಿರ ಹೋಯಿತು. ಆ ಕತೆ ಮೊಲ ಸಾಕುವ ನಿಮ್ಮಲ್ಲಿ ಅರ್ಧ ಜನರದ್ದೂ ಹೌದು, ಬಿಡಿ.

2019ರ ಬೇಸಿಗೆ ನನ್ನ ಸೊಕ್ಕು ಇಳಿಸಿತು. ಶೆಡ್ಡಿಗೆ ತಗಡು ಹಾಕಿದ್ದೆ. ಮೇಲೆ ತೆಂಗಿನ ಗರಿ, ಜೋಳದ ದಂಟು, ಸುತ್ತ ಗೋಣಿಚೀಲ ಕಟ್ಟಿ ನೀರು ಹೊಡೆದೆ. ಗೋಣಿಯಿಂದ ಗಾಳಿ ಆಡುವುದು ನಿಂತು ಒಳಗೆ ಇಡ್ಲಿ ಪಾತ್ರೆಯಾಯಿತು. ಈಯಲು ಮೂರ್ನಾಲ್ಕು ದಿನ ಉಳಿದಿದ್ದ ತುಂಬುಗಬ್ಬದ ಹೆಣ್ಣುಗಳೇ ಮೊದಲು ಹೋದವು. ಮಧ್ಯಾಹ್ನ ಮೂರಕ್ಕೆ ಮೂಗಿನ ಸುತ್ತ ಒದ್ದೆ, ಕಿವಿಯ ನರ ಕೆಂಪಗೆ ಉಬ್ಬಿ, ಕತ್ತು ಹಿಂದಕ್ಕೆ ಎಸೆದು ತೇಕುತ್ತಿದ್ದವು. ಸಂಜೆಗೆ ಸೆಟೆದು ಬಿದ್ದಿರುತ್ತಿದ್ದವು. ಹದಿಮೂರು ದೊಡ್ಡವು, ಮರಿಗಳ ಲೆಕ್ಕ ಇಟ್ಟಿಲ್ಲ.

ಕೊಂದದ್ದರಲ್ಲಿ ನೀರಿನ ಪೈಪಿನ ಪಾಲೂ ಇತ್ತು ಎಂದು ತಿಳಿಯಲು ನನಗೆ ಒಂದು ತಿಂಗಳು ಬೇಕಾಯಿತು. ನಿಪ್ಪಲ್ ಲೈನು, ಅಂದರೆ ಮೊಲ ಬಾಯಿಂದ ಒತ್ತಿ ನೀರು ಕುಡಿಯುವ ಪೈಪು, ತಗಡಿನ ಕೆಳಗೇ ಹಾದುಹೋಗಿತ್ತು. ಒಂದು ಮಧ್ಯಾಹ್ನ ನಿಪ್ಪಲ್ ಒತ್ತಿ ಬೆರಳಿಟ್ಟೆ, ಸ್ನಾನಕ್ಕೆ ಕಾಸಿದ ನೀರು! ಮೊಲ ಆ ನೀರು ಮುಟ್ಟುತ್ತಿರಲಿಲ್ಲ, ನೀರಿಲ್ಲದ ಮೇಲೆ ಗುಳಿಗೆಯಂಥ ಮೇವು ಪೆಲೆಟ್ಟನ್ನೂ ತಿನ್ನುತ್ತಿರಲಿಲ್ಲ. ಈಗ ಟಾಕಿ ಬೇವಿನ ಬುಡದಲ್ಲಿದೆ, ಪೈಪು ನೆಲದೊಳಗಿದೆ, ಹನ್ನೆರಡಕ್ಕೊಮ್ಮೆ ಮೂರಕ್ಕೊಮ್ಮೆ ಲೈನಿನ ನೀರನ್ನು ಕೊನೆಯಿಂದ ಹರಿಬಿಡುತ್ತೇನೆ. ಇದಕ್ಕೆ ಖರ್ಚು ಆರುನೂರು ರೂಪಾಯಿ.

ಮುಂದಿನ ವರ್ಷ ಮಂಜಿನಂತೆ ನೀರು ಸಿಡಿಸುವ ಫಾಗರ್ ಹಾಕಿಸಿದೆ, ಒಂಬತ್ತು ಸಾವಿರ. ಶೆಡ್ಡು ತಂಪಾಯಿತು, ಮೊಲಗಳಿಗೆ ಶೀತ ಹಿಡಿಯಿತು. ಮೂಗು ಸೋರುವುದು, ಮುಂಗಾಲಿನಿಂದ ಒರೆಸಿಕೊಳ್ಳುವುದು, ಮೇಲಿಂದ ಕಿವಿಗಜ್ಜಿ. ಅಷ್ಟರಲ್ಲಿ ಲಾಕ್‌ಡೌನ್ ಬಂತು, ಪೆಲೆಟ್ ಲಾರಿ ನಿಂತಿತು. ಕುದುರೆಮೆಂತ್ಯ, ಹಿಪ್ಪುನೇರಳೆ, ನುಗ್ಗೆಸೊಪ್ಪಿನ ಮೇಲೆ ಎರಡು ತಿಂಗಳು ತಳ್ಳಿದೆ. ಫಾಗರ್ ಬಿಚ್ಚಿ ಷಡ್ಡಕನ ಪಾಲಿಹೌಸಿಗೆ ಮೂರು ಸಾವಿರಕ್ಕೆ ಕೊಟ್ಟೆ.

ಸಾವು ಕಡಿಮೆಯಾದರೂ ಗಬ್ಬ ಮಾತ್ರ ನಿಲ್ಲಲೊಲ್ಲದು. ಗಂಡು ಹಾರುತ್ತಿತ್ತು, ಧಪ್ಪನೆ ಪಕ್ಕಕ್ಕೆ ಬೀಳುತ್ತಿತ್ತು, ಎಲ್ಲ ಸರಿಯಾಗೇ ಕಾಣುತ್ತಿತ್ತು. ಹದಿನಾಲ್ಕನೇ ದಿನ ಹೊಟ್ಟೆ ಮುಟ್ಟಿ ನೋಡಿದರೆ ದ್ರಾಕ್ಷಿಯಂಥ ಗಂಟು ಕೈಗೆ ಸಿಗುತ್ತಿರಲಿಲ್ಲ. ಆದರೆ ಹದಿನೇಳು ಹದಿನೆಂಟನೇ ದಿನಕ್ಕೆ ಹೆಣ್ಣು ಎದೆಯ ಕೂದಲು ಕಿತ್ತು ಗೂಡು ಮಾಡುತ್ತಿತ್ತು! ನನ್ನ ಕೈಯೇ ತಪ್ಪಿರಬೇಕು ಎಂದುಕೊಂಡು ಈಯುವ ಪೆಟ್ಟಿಗೆ ಇಟ್ಟು ಕಾದೆ, ಮೂವತ್ತೊಂದು ದಿನ ಕಳೆದರೂ ಏನೂ ಇಲ್ಲ. ಅದು ಸುಳ್ಳುಗಬ್ಬ. ಮೊಲಕ್ಕೆ ಕೂಡಿದ ಮೇಲೇ ತತ್ತಿ ಬಿಡುಗಡೆಯಾಗುತ್ತದಲ್ಲ, ಗಂಡಿನಲ್ಲಿ ಸತ್ವ ಇಲ್ಲದಿದ್ದರೂ ಹೆಣ್ಣಿನ ಮೈ ಗಬ್ಬವೆಂದೇ ತಿಳಿಯುತ್ತದೆ. ಅಂಥ ಸುಳ್ಳುಗಬ್ಬ ಒಂದು ಬೇಸಿಗೆಯಲ್ಲಿ ಒಂಬತ್ತು ಕಂಡೆ.

ಆಗಲೇ ಅನುಮಾನ ಗಂಡಿನ ಮೇಲೆ ಹೋಯಿತು. ಚಿಕ್ಕಮಗಳೂರಿನ ಗೆಳೆಯನೊಬ್ಬನಿಂದ ಒಂದು ಗಂಡನ್ನು ಮೇ ತಿಂಗಳಲ್ಲೇ ರಾತ್ರಿ ಬಸ್ಸಿಗೆ ತರಿಸಿದೆ. ಬಂದ ವಾರದಲ್ಲಿ ನನ್ನವೇ ಬಿಸಿಲು ತಿಂದ ನಾಲ್ಕು ಹೆಣ್ಣಿಗೆ ಬಿಟ್ಟೆ, ಮೂರು ನಿಂತವು. ಅಂದರೆ ಹೆಣ್ಣಿನಲ್ಲಿ ದೋಷವಿಲ್ಲ. ಅದೇ ಗಂಡು ನನ್ನ ಶೆಡ್ಡಿನಲ್ಲಿ ಮೂರು ವಾರ ಇದ್ದದ್ದೇ ಇದ್ದದ್ದು, ಅದೂ ಖಾಲಿಯಾಯಿತು. ಎತ್ತಿ ನೋಡಿದರೆ ಬೀಜ ಮೆತ್ತಗಾಗಿ ಜೋತುಬಿದ್ದಿದ್ದವು. ಒಮ್ಮೆ ಬಿಸಿಲು ಬಡಿದರೆ ಹೊಸ ವೀರ್ಯ ತಯಾರಾಗಲು ಒಂದೂವರೆ ಎರಡು ತಿಂಗಳು ಬೇಕು. ಮೇನಲ್ಲಿ ಬಡಿದ ಬಿಸಿಲಿಗೆ ಜುಲೈವರೆಗೆ ದಂಡ ಕಟ್ಟಬೇಕು. ನಾವೆಲ್ಲ ಹೆಣ್ಣಿನ ಸಾಲಿಗೆ ಫ್ಯಾನು ಹಾಕಿ ಗಂಡನ್ನು ಮೂಲೆಗೆ ಇಡುತ್ತೇವೆ. ನಾನೂ ಹಾಗೇ ಇಟ್ಟಿದ್ದೆ, ಪಡುವಣ ಗೋಡೆಗೆ.

ಮೂವತ್ತು ಹೆಣ್ಣು ತಂಪಿಡುವುದಕ್ಕಿಂತ ಐದು ಗಂಡು ತಂಪಿಡುವುದು ಅಗ್ಗ. ಎಲ್ಲಿಡುವುದು? ನಮ್ಮ ಹಳೇ ಮನೆಯ ಮುಂದೆ ಹಗೇವು ಇತ್ತು, ಜೋಳ ತುಂಬುತ್ತಿದ್ದ ನೆಲದೊಳಗಿನ ಗುಂಡಿ. ಸಣ್ಣವನಿದ್ದಾಗ ನನ್ನನ್ನು ಅದರೊಳಗೆ ಇಳಿಸುತ್ತಿದ್ದರು, ಬೇಸಿಗೆಯಲ್ಲೂ ಕಾಲಿಗೆ ತಣ್ಣಗೆ ಹತ್ತುತ್ತಿತ್ತು. ಗಂಡನ್ನು ನೆಲದೊಳಗೆ ಇಳಿಸುತ್ತೇನೆ ಎಂದೆ. ಪಕ್ಕದ ಹೊಲದ ಕಾಕಾ ನಿಂತು ನೋಡಿ, “ಏನ್ ತಮ್ಮಾ, ಮೊಲಕ್ಕ ಬದುಕಿದ್ದಾಗ ಸಮಾಧಿ ಕಟ್ಟಾಕತ್ತೀಯೇನು? ಮೊಲ ಪೊದಿಯಾಗ ಇರೋ ಜೀವ, ಬಿಲದಾಗಲ್ಲ” ಎಂದ. ಅವನದು ತಪ್ಪಲ್ಲ. ನಮ್ಮ ಹೊಲದ ಕಾಡುಮೊಲ ಬಿಲ ತೋಡುವುದಿಲ್ಲ, ಪೊದೆಯಲ್ಲೇ ಈಯುತ್ತದೆ. ಆದರೆ ನಾವು ಸಾಕುವುದು ಯುರೋಪಿನ ಮೊಲದ ಸಂತತಿ, ಬೇರೆಯೇ ಜಾತಿ, ಬಿಲವೇ ಅದರ ಮನೆ. ಸಾಕಿದ್ದಕ್ಕೆ ಅರಣ್ಯದವರ ಕೇಸು ಬೀಳುತ್ತದೆಂದು ಹೆದರಿಸುವವರಿಗೂ ನಾನು ಇದನ್ನೇ ಹೇಳುತ್ತೇನೆ.

ಮೊದಲ ಗುಂಡಿ ಬರೀ ಮಣ್ಣಿನದು, ನಾಲ್ಕು ಅಡಿ. ನಮ್ಮದು ಎರೆ, ಕಪ್ಪು ಮಣ್ಣು. ಏಪ್ರಿಲ್ಲಿಗೆ ಕೈ ತೂರುವಷ್ಟು ಬಿರುಕು ಬಿಟ್ಟಿತು, ಬಿರುಕಿನಿಂದ ಕೇರೆಹಾವು ಒಳಗೆ ಬಂತು. ಹಾವು ಮೊಲಕ್ಕೆ ಏನೂ ಮಾಡಲಿಲ್ಲ, ಮೊಲ ಹೆದರಿಯೇ ಸತ್ತಿತು. ಎರಡನೇ ಸಲ ಬಾವಿ ರಿಂಗ್ ಇಳಿಸಿದೆ, ಮೂರಡಿ ಅಗಲದವು, ಗುಂಡಿಗೆ ಮೂರು. ಒಂದು ರಾತ್ರಿ ಅಡ್ಡಮಳೆ ಹೊಡೆದು ಎರಡು ಗಂಡು ನೀರಲ್ಲಿ ಹೋದವು. ಮೂರನೇ ಸಲ ಮೇಲಿನ ರಿಂಗನ್ನು ಅರ್ಧ ಅಡಿ ನೆಲದ ಮೇಲೆ ಬಿಟ್ಟೆ, ಸುತ್ತ ಎರೆ ತೆಗೆಸಿ ಗರಸು ತುಂಬಿಸಿದೆ. ಇಲ್ಲದಿದ್ದರೆ ಮಳೆಗಾಲಕ್ಕೆ ಎರೆ ಉಬ್ಬಿ ರಿಂಗ್ ಒಡೆಯುತ್ತದೆ. ತಳಕ್ಕೆ ಜಲ್ಲಿ, ಅದರ ಮೇಲೆ ನಾಲ್ಕು ಇಂಚು ಎತ್ತರಕ್ಕೆ ಪ್ಲಾಸ್ಟಿಕ್ ಜಾಲರಿ ಮ್ಯಾಟು. ಮುಚ್ಚಲು ಶಹಾಬಾದಿ ಫರಸಿ ಕಲ್ಲು, ಅದರ ಮೇಲೆ ಮಣ್ಣು, ಮೂತ್ರದ ಗಾಟು ಹೋಗಲು ಜಾಲರಿ ಕಟ್ಟಿದ ಎರಡಿಂಚಿನ ಪೈಪು. ಮೇಲೆ ಬೇವಿನ ನೆರಳಲ್ಲಿ ಪಂಜರ, ಪಂಜರದಿಂದ ಒಳಕ್ಕೆ ಓರೆಯಾಗಿ ಪಿವಿಸಿ ಪೈಪು.

ಆರಿಂಚಿನ ಪೈಪು ಹಾಕಿ ಮೂರ್ಖನಾದೆ. ನಾಲ್ಕು ಕೆಜಿಯ ಗಂಡು ತಲೆ ತೂರಿಸಿ, ಭುಜ ಸಿಕ್ಕಿ, ಹಿಂದಕ್ಕೆ ಬಂದು, ನನ್ನ ಮುಖ ನೋಡಿ ಕೂತಿತು. ಎಂಟಿಂಚಿಗೆ ದುಡ್ಡು ಹೆಚ್ಚು, ಬೇರೆ ದಾರಿಯಿಲ್ಲ. ಪೈಪು ಒಳಗೆ ನುಣುಪು, ಹತ್ತುವಾಗ ಕಾಲು ಜಾರುತ್ತದೆ. ಅದಕ್ಕೆ ಒಳಗಡೆ ಏನು ಹಚ್ಚಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಎಂಟು ತಿಂಗಳು ತಿಣುಕಿ ಕಂಡುಕೊಂಡದ್ದು. ಕೂಡಿಸುವ ವಾರ ಗಂಡಿಗೆ ಹಾಕುವ ಸೊಪ್ಪೂ ಅಷ್ಟೇ, ಬಂದವರಿಗೆ ತೋರಿಸುತ್ತೇನೆ.

ಒಂದು ಗುಂಡಿಗೆ ಕೂಲಿ ಸೇರಿ ನಾಲ್ಕೂವರೆ ಸಾವಿರ ಬಿತ್ತು. ಮಧ್ಯಾಹ್ನ ಮೂರಕ್ಕೆ ಹೊರಗೆ 42, ಶೆಡ್ಡಿನಲ್ಲಿ 39, ಗುಂಡಿಯಲ್ಲಿ 30 ಡಿಗ್ರಿ, 31 ದಾಟಿದ್ದು ನೋಡಿಲ್ಲ. ಎಸಿ ಅಲ್ಲ, ಆದರೆ ಸಾಕು. ಹತ್ತು ಗಂಟೆಗೆ ತಾವೇ ಇಳಿಯುತ್ತವೆ, ಸಂಜೆ ಆರೂವರೆಗೆ ಮೊದಲು ಎರಡು ಕಿವಿ, ಆಮೇಲೆ ಮೂಗು, ಆಮೇಲೆ ಮೊಲ ಮೇಲೆ ಬರುತ್ತದೆ. ಬಿಸಿಲು ಶುರುವಾದ ಮೇಲೆ ಇಳಿಸಿದರೆ ಪ್ರಯೋಜನವಿಲ್ಲ, ಶಿವರಾತ್ರಿಗೇ ಇಳಿಸಬೇಕು. ಮೊದಲ ವರ್ಷ ಯುಗಾದಿ ಕಳೆದ ಮೇಲೆ ಇಳಿಸಿ ಕೆಟ್ಟೆ. ಕೂಡಿಸುವುದು ಬೆಳಗಿನ ಐದಕ್ಕೆ, ಹೆಣ್ಣನ್ನು ಗಂಡಿನ ಹತ್ತಿರ ಒಯ್ದು. ಪೆಲೆಟ್ ಹಾಕುವುದು ಸಂಜೆ ಏಳಕ್ಕೆ.

ಹೆಣ್ಣುಗಳಿಗೂ ಏನೇನೋ ಮಾಡಿ ನೋಡಿದೆ. ನೀರು ತುಂಬಿದ ಬಾಟಲಿ ಫ್ರಿಜ್ಜಿನಲ್ಲಿ ಗಡ್ಡೆ ಕಟ್ಟಿಸಿ ಪಂಜರದಲ್ಲಿಟ್ಟೆ. ಚೆನ್ನಾಗಿ ಒರಗಿ ಮಲಗುತ್ತವೆ, ಆದರೆ ನನ್ನ ಹೆಂಡತಿ, “ಹಾಲಿಡಾಕ ಜಾಗ ಇಲ್ಲ, ಫ್ರಿಜ್ ತುಂಬ ನಿಮ್ಮ ಮೊಲದ ಬಾಟ್ಲಿನ ಅದಾವ” ಎಂದು ಒಂದು ದಿನ ಹನ್ನೆರಡನ್ನೂ ಅಂಗಳಕ್ಕೆ ಎಸೆದಳು. ಅದಕ್ಕಿಂತ ಫರಸಿ ತುಂಡು ವಾಸಿ. ರಾತ್ರಿಯಿಡೀ ನೀರಲ್ಲಿ ನೆನೆಹಾಕಿ ಹನ್ನೊಂದಕ್ಕೆ ಪಂಜರಕ್ಕಿಟ್ಟರೆ ಅದರ ಮೇಲೇ ಹೊಟ್ಟೆ ಊರಿ ಬೀಳುತ್ತವೆ. ಕಲ್ಲಂಗಡಿಯಲ್ಲಿ ಒಡೆದದ್ದು ಪುಕ್ಕಟೆ ಸಿಗುತ್ತದೆ. ಬೆಲ್ಲ ಉಪ್ಪಿನ ನೀರನ್ನು ಲೈನಿಗೆ ಬಿಟ್ಟದ್ದು ಮಾತ್ರ ಹುಚ್ಚುತನ, ನಿಪ್ಪಲ್ ಲೋಳೆ ಕಟ್ಟಿ ಶೆಡ್ಡಿಗೆಲ್ಲ ಇರುವೆ. ಮರಿಗಳಿಗೆ ಮರದ ಪೆಟ್ಟಿಗೆಯ ಬದಲು ಅರ್ಧ ಒಡೆದ ಮಣ್ಣಿನ ಹರವಿಯನ್ನು ಒದ್ದೆ ಉಸುಕಿನಲ್ಲಿ ಹುಗಿದಿಟ್ಟಿದ್ದೇನೆ. ಮೇನಲ್ಲಿ ಸೂಲಿಗೆ ಐದಾರು ಮರಿ, ಚಳಿಗಾಲದ ಏಳೆಂಟು ಬರುವುದಿಲ್ಲ. ಬಂದದ್ದರಲ್ಲಿ ನಾಲ್ಕು ಉಳಿದರೆ ನನಗೆ ಲಾಭವೇ. ಆಗಸ್ಟ್ ಸೆಪ್ಟೆಂಬರಿನಲ್ಲಿ ಯಾರ ಹತ್ತಿರವೂ ಎರಡು ಕೆಜಿ ಮೊಲ ಇರುವುದಿಲ್ಲ. ಎಲ್ಲರೂ ಕೆಜಿಗೆ 250ರಂತೆ ಮಾರುತ್ತಿದ್ದುದನ್ನು ನಾನು 350ಕ್ಕೆ ಮಾರಿದೆ, ಅದೂ ಅವರೇ ಬಂದು ಒಯ್ದರು. ಐವತ್ತೆಂಟೋ ಅರವತ್ತೋ ಹೋದವು, ಪೆಲೆಟ್ ಕಳೆದು ಹದಿನೆಂಟು ಸಾವಿರದ ಮೇಲೆ ಉಳಿಯಿತು. ಕಂಪನಿ ನುಂಗಿದ್ದಕ್ಕೆ ಇದು ಎಲ್ಲಿಗೂ ಸಾಲದು.

ಮೇ ಮಧ್ಯದಲ್ಲಿ ಒಂದು ಹೆಣ್ಣು ಪಂಜರದ ಬಾಗಿಲು ತೆಗೆದಿದ್ದಾಗ ತಪ್ಪಿಸಿಕೊಂಡು ಖಾಲಿಯಿದ್ದ ಐದನೇ ಗುಂಡಿಗೆ ಇಳಿದಿದೆ. ಮೂರು ದಿನ ಹುಡುಕಿ ನಾಯಿ ಒಯ್ದಿರಬೇಕು ಎಂದುಕೊಂಡಿದ್ದೆವು. ಫರಸಿ ಎತ್ತಿ ನೋಡಿದರೆ ಕೂದಲ ಗುಡ್ಡೆಯೊಳಗೆ ಎಂಟು ಮರಿ, ಎಂಟೂ ಬದುಕಿದ್ದವು. ಅಂದಿನಿಂದ ಹೆಣ್ಣಿಗೂ ಗುಂಡಿ ತೋಡುವ ಯೋಚನೆ ಹತ್ತಿದೆ. ಸಮಾಧಿ ಎಂದು ನಕ್ಕಿದ್ದ ಕಾಕಾ ಮೊನ್ನೆ ಬಂದು ತನಗೂ ಎರಡು ಗುಂಡಿಗಾಗುವಷ್ಟು ರಿಂಗ್ ಬೇಕೆಂದ. ನನ್ನ ಹನ್ನೆರಡಕ್ಕೆ ಅವನ ಆರು ಸೇರಿಸಿ ಹೇಳಿ ಬಂದಿದ್ದೇನೆ. ರಿಂಗಿನವನು ಹಿಂದಿನ ಬಾಕಿ ಸಾವಿರದೈನೂರು ಕೊಟ್ಟ ಮೇಲೇ ಟ್ರ್ಯಾಕ್ಟರ್ ಹತ್ತಿಸುತ್ತೇನೆ ಎನ್ನುತ್ತಿದ್ದಾನೆ.