ರಾತ್ರಿಗೆ ಒಂದು ಬಿಸಿ ಸಾಕು, ಉಳಿದದ್ದು ಡಬ್ಬಿಯಿಂದ ಬರಲಿ

ನನ್ನ ತಂಗಿಯ ಮಗಳು ರಾಯಚೂರಿನಲ್ಲಿ ಕೆಲಸಕ್ಕಿದ್ದಾಳೆ. ವಾರದಲ್ಲಿ ಎರಡು ಮೂರು ದಿನ ಸಂಜೆ ಏಳೂವರೆಗೆ ಅವಳ ಫೋನ್ ಬರುತ್ತದೆ. "ದೊಡ್ಡವ್ವ, ಈಗ ಮನೆಗೆ ಬಂದೆ, ಹುಡುಗರು ಹಸಿವು ಅಂತಿದ್ದಾರೆ, ಏನು ಮಾಡಲಿ?" ಅಡುಗೆ ಬರದ ಹುಡುಗಿ ಅಲ್ಲ ಅವಳು. ಹಬ್ಬಕ್ಕೆ ಇಪ್ಪತ್ತು ಮಂದಿಗೆ ಹೋಳಿಗೆ ಮಾಡುತ್ತಾಳೆ. ಆದರೆ ಬುಧವಾರ ಗುರುವಾರದ ರಾತ್ರಿ ಅಡುಗೆ ಬೇರೆಯೇ ವಿದ್ಯೆ. ಅಲ್ಲಿ ಕೈಚಳಕಕ್ಕಿಂತ ಮನೆಯಲ್ಲಿ ಏನು ತಯಾರಿದೆ ಅನ್ನೋದು ಮುಖ್ಯ.

ನಾನು ಅವಳಿಗೆ ಹೇಳಿದ್ದು ಇಷ್ಟೇ. ರಾತ್ರಿಗೆ ಒಂದೇ ಒಂದು ಬಿಸಿ ಮಾಡು. ಒಂದು ಪಲ್ಯ, ಇಲ್ಲವೇ ಒಂದು ಸಾರು, ಇಲ್ಲವೇ ಕಡಲೆಹಿಟ್ಟಿನ ಝುಣಕ. ಮಿಕ್ಕಿದ್ದೆಲ್ಲ ಡಬ್ಬಿಯಿಂದ, ಬುಟ್ಟಿಯಿಂದ, ಹಸಿಯಾಗಿ ತಟ್ಟೆಗೆ ಬರಬೇಕು. ನಮ್ಮ ಕಡೆಯ ಊಟ ಇರುವುದೇ ಹಾಗೆ ಅಲ್ವಾ? ಕಟಕ ರೊಟ್ಟಿ, ಶೇಂಗಾ ಹಿಂಡಿ ಅಂದರೆ ಶೇಂಗಾ ಪುಡಿ, ಗುರೆಳ್ಳು (ಹುಚ್ಚೆಳ್ಳು) ಪುಡಿ, ಗಟ್ಟಿ ಮೊಸರು, ಒಂದು ಉಳ್ಳಾಗಡ್ಡಿ. ಹೊಲಕ್ಕೆ ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದ ನಮ್ಮ ಹಿರಿಯರು ಇದನ್ನು ಎಂದೋ ಕಂಡುಕೊಂಡಿದ್ದರು. ನಾವು ಪಟ್ಟಣಕ್ಕೆ ಬಂದು ಮರೆತೆವು.

ನಾನು ಹುಟ್ಟಿದ್ದು ಲಿಂಗಸುಗೂರು ಕಡೆ, ಜೋಳದ ನಾಡು. ಮದುವೆಯಾಗಿ ಬಂದಿದ್ದು ಗಂಗಾವತಿಗೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಆದ ಮೇಲೆ ಎಡದಂಡೆ ಕಾಲುವೆ ನೀರು ಹರಿದು ಈ ಕಡೆ ಭತ್ತ ಜಾಸ್ತಿಯಾಯಿತು, ಎಲ್ಲಿ ನೋಡಿದರೂ ರೈಸ್ ಮಿಲ್ಲು. ಹಾಗಾಗಿ ನನ್ನ ಅಡುಗೆಮನೆಯಲ್ಲಿ ರೊಟ್ಟಿಯೂ ಇದೆ, ಸೋನಾ ಮಸೂರಿ ಅನ್ನವೂ ಇದೆ. ಎರಡಕ್ಕೂ ಹೊಂದುವ ಹಾಗೆ ಹೇಳುತ್ತೇನೆ.

ಮೊದಲು ರೊಟ್ಟಿ. ದಿನಾ ರಾತ್ರಿ ರೊಟ್ಟಿ ಬಡಿಯಿರಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಭಾನುವಾರ ಒಂದೂವರೆ ತಾಸು ಕೂತು ಇಪ್ಪತ್ತೈದು ಮೂವತ್ತು ತೆಳ್ಳನೆಯ ರೊಟ್ಟಿ ಬಡಿದು, ಹೆಂಚಿನ ಮೇಲೆ ಚೆನ್ನಾಗಿ ಒಣಗಿಸಿ, ಪೂರ್ತಿ ಆರಿದ ಮೇಲೆ ಬಟ್ಟೆ ಹಾಸಿದ ಬುಟ್ಟಿಯಲ್ಲಿ ಇಟ್ಟರೆ ಎರಡು ವಾರ ಏನೂ ಆಗುವುದಿಲ್ಲ. ಸ್ವಲ್ಪ ಬಿಸಿ ಇರುವಾಗಲೇ ಮುಚ್ಚಿಟ್ಟರೆ ಬೆವತು ಬೂಸು ಹಿಡಿಯುತ್ತದೆ, ಅಲ್ಲೇ ಎಲ್ಲರೂ ಕೆಡಿಸುವುದು. ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆಗೆ ಸುತ್ತಲಿನ ಊರುಗಳಿಂದ ಲಕ್ಷಗಟ್ಟಲೆ ರೊಟ್ಟಿ ಬರುತ್ತವೆ. ಎಷ್ಟೋ ದಿನ ಮುಂಚೆಯೇ ಹೆಣ್ಣುಮಕ್ಕಳು ಗುಂಪು ಕೂಡಿ ಬಡಿದು ಇಡುತ್ತಾರೆ. ಜಾತ್ರೆಯ ರೊಟ್ಟಿಗೆ ಬಾಳಿಕೆ ಇದೆ ಅಂದರೆ ನಮ್ಮ ಮನೆಯದಕ್ಕೆ ಯಾಕಿರಬಾರದು?

ರೊಟ್ಟಿ ಅಂಚು ಒಡೆಯುತ್ತದೆ ಅಂತ ಬಹಳ ಮಂದಿ ಕೇಳುತ್ತಾರೆ. ಜೋಳಕ್ಕೆ ಗೋಧಿಯ ಹಾಗೆ ಅಂಟು ಇಲ್ಲ. ಬಿಸಿ ಎಸರೇ ಅದನ್ನು ಹಿಡಿದಿಡಬೇಕು. ಹಿಟ್ಟು ಹಳೆಯದಾದಷ್ಟೂ ಜಿಗಿ ಹೋಗುತ್ತದೆ, ಆದ್ದರಿಂದ ಗಿರಣಿಯಲ್ಲಿ ಒಂದು ಸಲಕ್ಕೆ ಎರಡು ಕೆಜಿಗಿಂತ ಹೆಚ್ಚು ಬೀಸಿಸಬೇಡಿ. ಹಿಟ್ಟು ಹಳೆಯದೇ ಇದ್ದರೆ ಎಸರು ಕುದಿಯುವಾಗ ಅದಕ್ಕೆ ಎರಡು ಚಮಚ ಹಿಟ್ಟು ಕಲೆಸಿ ಗಂಜಿಯ ಹಾಗೆ ಮಾಡಿ ಸುರಿಯಿರಿ, ಜಿಗಿ ಬರುತ್ತದೆ. ಎಲ್ಲವನ್ನೂ ಒಮ್ಮೆಗೇ ನಾದಬೇಡಿ. ಒಂದೊಂದು ರೊಟ್ಟಿಗೆ ಬೇಕಾದಷ್ಟು ತೆಗೆದು ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದಿ ಬಡಿಯಿರಿ. ಬಡಿಯಲು ಬಾರದವರು ಸುಮ್ನೆ ಕೊಂಡು ತನ್ನಿ. ನಮ್ಮ ಊರುಗಳಲ್ಲಿ ರೊಟ್ಟಿ ಮಾಡಿ ಮಾರುವ ಹೆಣ್ಣುಮಕ್ಕಳು ಓಣಿಗೊಬ್ಬರು ಇದ್ದಾರೆ. ಅವರಿಂದ ತಂದರೆ ಅವರ ಮನೆಗೂ ಒಳ್ಳೆಯದು. ಅದರಲ್ಲಿ ನಾಚಿಕೆ ಏನಿಲ್ಲ.

ಇನ್ನು ಡಬ್ಬಿಗಳು. ಮೂರು ಪುಡಿ ಇರಲಿ ಸಾಕು. ಶೇಂಗಾ, ಗುರೆಳ್ಳು, ಅಗಸಿ. ಶೇಂಗಾದ್ದು ಹೇಗೆ ಮಾಡಬೇಕು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ಅದೊಂದು ಡಬ್ಬಿ ನಿಮ್ಮ ಅರ್ಧ ರಾತ್ರಿ ಅಡುಗೆ. ಕಾಲು ಕೆಜಿ ಶೇಂಗಾ ಸಣ್ಣ ಉರಿಯಲ್ಲಿ ಹುರಿಯಿರಿ. ಅವಸರ ಮಾಡಿದರೆ ಸಿಪ್ಪೆ ಕಪ್ಪಾಗಿ ಒಳಗೆ ಹಸಿ ಉಳಿಯುತ್ತದೆ. ಒಂದು ಕಾಳು ತೆಗೆದು ಬೆರಳಲ್ಲಿ ಉಜ್ಜಿ, ಸಿಪ್ಪೆ ಸರಕ್ಕನೆ ಬಿಟ್ಟು ಒಳಗಿನ ಬೇಳೆ ತಿಳಿ ಕಂದು ಬಣ್ಣಕ್ಕೆ ಬಂದಿದ್ದರೆ ಇಳಿಸಿ. ಪೂರ್ತಿ ಆರಲಿ. ಬಿಸಿ ಇರುವಾಗ ಮಿಕ್ಸಿಗೆ ಹಾಕಿದರೆ ಎಣ್ಣೆ ಬಿಟ್ಟು ಮುದ್ದೆಯಾಗಿ ಜಾರಿನ ಬುಡಕ್ಕೆ ಅಂಟುತ್ತದೆ. ಆರಿದ ಮೇಲೆ ಹತ್ತು ಎಸಳು ಬಳ್ಳೊಳ್ಳಿ ಸಿಪ್ಪೆ ಸಮೇತ, ಎರಡು ಚಮಚ ಕೆಂಪು ಖಾರ, ಒಂದು ಚಮಚ ಜೀರಿಗೆ, ಉಪ್ಪು ಹಾಕಿ, ಮಿಕ್ಸಿಯನ್ನು ಒಂದೇ ಸಮ ಓಡಿಸದೆ ಬಿಟ್ಟು ಬಿಟ್ಟು ನಾಲ್ಕೈದು ಸಲ ತಿರುಗಿಸಿ, ನಡುನಡುವೆ ಚಮಚದಿಂದ ಮೇಲೆ ಕೆಳಗೆ ಮಾಡಿ. ತರಿತರಿಯಾಗಿ, ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಂತು ಬೆರಳು ತಾಗಿಸಿದರೆ ಉದುರುವ ಹಾಗಿರಬೇಕು. ಒರಳಿದ್ದರೆ ಒರಳಲ್ಲೇ ಕುಟ್ಟಿ, ಅದರ ರುಚಿಯೇ ಬೇರೆ. ಗುರೆಳ್ಳು, ಅಗಸಿ ಬೇಗ ಸೀಯುತ್ತವೆ, ಚಟಪಟ ಸದ್ದು ಶುರುವಾದ ಕೂಡಲೇ ಇಳಿಸಬೇಕು. ಅಗಸಿ ಪುಡಿ ಬೇಗ ಕಮಟು ಬರುತ್ತದೆ, ಹಾಗಾಗಿ ಹದಿನೈದು ದಿನಕ್ಕಾಗುವಷ್ಟು ಮಾತ್ರ.

ಈ ಪುಡಿಗಳು ಬರೀ ಹಚ್ಚಿಕೊಳ್ಳಲಿಕ್ಕೆ ಅಲ್ಲ, ಪಲ್ಯದ ಮಸಾಲೆಯೂ ಅವೇ. ಬದನೆಕಾಯಿ ಎಣ್ಣೆಗಾಯಿಗೆ ಹುರಿದು ರುಬ್ಬಿ ತುಂಬಿ ಅಂತ ಒಂದು ತಾಸು ಹಿಡಿಯುತ್ತದೆ. ವಾರದ ದಿನ ನಾನು ಮಾಡುವುದು ಹೀಗೆ. ಎಂಟು ಸಣ್ಣ ಎಳೆ ಬದನೆಕಾಯಿಯನ್ನು ತೊಟ್ಟು ಬಿಡದೆ ನಾಲ್ಕು ಸೀಳು ಮಾಡಿ ಉಪ್ಪುನೀರಲ್ಲಿ ಹಾಕುತ್ತೇನೆ. ಐದು ಚಮಚ ಶೇಂಗಾ ಪುಡಿ, ಎರಡು ಚಮಚ ಗುರೆಳ್ಳು ಪುಡಿ, ಚಿಟಿಕೆ ಅರಿಶಿನ, ಸ್ವಲ್ಪ ಹುಣಸೆ ರಸ, ಕಡಲೆಕಾಳಿನಷ್ಟು ಬೆಲ್ಲ ಕಲೆಸಿ ಸೀಳಿಗೆ ಒತ್ತುತ್ತೇನೆ. ಒಗ್ಗರಣೆಯಲ್ಲಿ ಉಳ್ಳಾಗಡ್ಡಿ ಬಾಡಿದ ಮೇಲೆ ಬದನೆಕಾಯಿ ಇಳಿಬಿಟ್ಟು, ಕಡಾಯಿಗೆ ನೀರು ಹಾಕುವ ಬದಲು ಮೇಲೊಂದು ಗುಣಿ ತಟ್ಟೆ ಮುಚ್ಚಿ ಆ ತಟ್ಟೆಯಲ್ಲಿ ಒಂದು ಲೋಟ ನೀರು ಹಾಕುತ್ತೇನೆ. ಒಳಗಿನ ಹಬೆ ತಂಪು ತಟ್ಟೆಗೆ ತಾಗಿ ಹನಿಯಾಗಿ ಮತ್ತೆ ಕೆಳಗೆ ಬೀಳುತ್ತದೆ, ಪಲ್ಯ ತಳ ಹಿಡಿಯುವುದಿಲ್ಲ, ನೀರುನೀರಾಗುವುದೂ ಇಲ್ಲ. ಹನ್ನೆರಡು ಹದಿನೈದು ನಿಮಿಷ. ಕೊನೆಗೆ ತಟ್ಟೆಯ ಬಿಸಿನೀರನ್ನೇ ಎರಡು ಚಮಚ ಸುರಿದರೆ ಗೊಜ್ಜಿನ ಹದಕ್ಕೆ ಬರುತ್ತದೆ. ನನ್ನ ಅತ್ತೆ ತೋರಿಸಿಕೊಟ್ಟಿದ್ದು ಇದು. ಅವರು ಕಟ್ಟಿಗೆ ಒಲೆಯ ಮೇಲೆ ಹಿತ್ತಾಳೆ ತಟ್ಟೆ ಇಟ್ಟು ಮಾಡುತ್ತಿದ್ದರು.

ತರಕಾರಿ ಏನೂ ಇಲ್ಲದ ದಿನ ಝುಣಕ. ಒಂದು ಬಟ್ಟಲು ಕಡಲೆಹಿಟ್ಟಿಗೆ ಎರಡು ಬಟ್ಟಲು ನೀರು. ಹಿಟ್ಟನ್ನು ಕುದಿಯುವ ನೀರಿಗೆ ಉದುರಿಸಿ ತಿರುವುವುದು ಹಳೇ ಪದ್ಧತಿ, ಅದಕ್ಕೆ ಕೈ ಪಳಗಿರಬೇಕು. ಹೊಸಬರು ತಣ್ಣೀರಲ್ಲಿ ಗಂಟಿಲ್ಲದ ಹಾಗೆ ಕಲೆಸಿಟ್ಟುಕೊಳ್ಳಿ. ಎಣ್ಣೆ ಸ್ವಲ್ಪ ಧಾರಾಳವಾಗಿ ಹಾಕಿ ಸಾಸಿವೆ, ಜೀರಿಗೆ, ಜಜ್ಜಿದ ಬಳ್ಳೊಳ್ಳಿ ಹಸಿಮೆಣಸಿನಕಾಯಿ, ಹೆಚ್ಚಿದ ಉಳ್ಳಾಗಡ್ಡಿ, ಕರಿಬೇವು, ಅರಿಶಿನ. ಉಳ್ಳಾಗಡ್ಡಿ ಮೆತ್ತಗಾದ ಮೇಲೆ ಕಲೆಸಿದ ಹಿಟ್ಟು ಸುರಿದು ಕೈಬಿಡದೆ ತಿರುವಿ. ಎರಡು ನಿಮಿಷದಲ್ಲಿ ಗಟ್ಟಿಯಾಗುತ್ತದೆ. ಆಗಲೇ ಆಯಿತು ಅಂತ ಇಳಿಸಬೇಡಿ, ಮುಚ್ಚಿ ಸಣ್ಣ ಉರಿಯಲ್ಲಿ ಐದು ನಿಮಿಷ ಬೇಯಲಿ. ಹಸಿ ಹಿಟ್ಟಿನ ವಾಸನೆ ಹೋಗಿ ಅಂಚಿನಲ್ಲಿ ಎಣ್ಣೆ ಕಾಣಬೇಕು. ಹಸಿ ಹಿಟ್ಟು ಉಳಿದರೆ ಹೊಟ್ಟೆ ಉಬ್ಬರ. ನೀರು ಇನ್ನೂ ಒಂದೂವರೆ ಬಟ್ಟಲು ಜಾಸ್ತಿ ಹಾಕಿದರೆ ತೆಳ್ಳಗಾಗಿ ಅನ್ನಕ್ಕೂ ಬರುತ್ತದೆ.

ಮಡಿಕೆ ಕಾಳು, ಹೆಸರುಕಾಳು ವಾರಕ್ಕೊಮ್ಮೆ ಮೊಳಕೆ ಕಟ್ಟಿಡಿ. ಬೆಳಿಗ್ಗೆ ನೆನೆಹಾಕಿ ಸಂಜೆ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿದರೆ ನಮ್ಮ ಬಿಸಿಲಿಗೆ ಮರುದಿನ ಬೆಳಿಗ್ಗೆಗೆ ಮೊಳಕೆ ಒಡೆದಿರುತ್ತದೆ. ಬೇಸಿಗೆಯಲ್ಲಿ ಇನ್ನೂ ಬೇಗ, ಮರೆತರೆ ಹುಳಿ ವಾಸನೆ ಬರುತ್ತದೆ. ಮೊಳಕೆ ಕಂಡ ಕೂಡಲೇ ಫ್ರಿಜ್ಜಿಗೆ ಇಡಿ, ಮೂರು ದಿನ ಬರುತ್ತದೆ. ಕುಕ್ಕರ್ ಬೇಡ, ಒಗ್ಗರಣೆ ಹಾಕಿ ನೀರು ಚಿಮುಕಿಸಿ ಮುಚ್ಚಿದರೆ ಹತ್ತು ನಿಮಿಷ.

ಪುಂಡಿ ಪಲ್ಯ ಮಾತ್ರ ಅವಸರದ ಅಡುಗೆ ಅಲ್ಲ, ಆದರೆ ಒಮ್ಮೆ ಮಾಡಿದರೆ ಎರಡು ಮೂರು ರಾತ್ರಿ ನಿಮ್ಮದು. ಎರಡು ಕಟ್ಟು ಪುಂಡಿಸೊಪ್ಪಿನ ಎಲೆ ಬಿಡಿಸಿ ಬೇಯಿಸಿ, ಹುಳಿ ಜಾಸ್ತಿ ಅನ್ನಿಸಿದರೆ ಆ ನೀರು ಚೆಲ್ಲಿ, ಬೇರೆಯಾಗಿ ಬೇಯಿಸಿದ ಒಂದು ಮುಷ್ಟಿ ತೊಗರಿಬೇಳೆ ಮತ್ತು ಒಂದು ಮುಷ್ಟಿ ಜೋಳದ ನುಚ್ಚು ಸೇರಿಸಿ ಮಸೆಯಿರಿ. ಬಳ್ಳೊಳ್ಳಿಗೆ ಕೈ ಹಿಡಿಯಬೇಡಿ, ಒಂದು ಇಡೀ ಗಡ್ಡೆ ಬೇಕು. ಹುಳಿ ಇರುವುದರಿಂದ ಅಲ್ಯುಮಿನಿಯಂ ಪಾತ್ರೆ ಬೇಡ, ಸ್ಟೀಲಿನದೋ ಮಣ್ಣಿನದೋ ಇರಲಿ. ಮೊದಲ ದಿನಕ್ಕಿಂತ ಎರಡನೇ ದಿನ ರುಚಿ.

ಅನ್ನದ ದಿನದ ಮಾತು. ಹೊಸ ಸೋನಾ ಮಸೂರಿ ಆದರೆ ಒಂದಕ್ಕೆ ಎರಡು ನೀರು, ಒಂದು ವರ್ಷ ಹಳೆಯದಾದರೆ ಎರಡೂವರೆ. ಅಕ್ಕಿ ಹೊಸದೋ ಹಳೆಯದೋ ಕೇಳಿ ತಂದರೆ ಅನ್ನ ಮುದ್ದೆಯಾಯಿತು ಅಂತ ಕುಕ್ಕರನ್ನು ದೂರುವುದು ತಪ್ಪುತ್ತದೆ. ಬೇಸಿಗೆಯಲ್ಲಿ ನಾನು ಸಾರು ಕುದಿಸುವುದೇ ಇಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ ದಾಟಿ, ರಾತ್ರಿ ಎಂಟಕ್ಕೂ ಗೋಡೆ ಮುಟ್ಟಿದರೆ ಬಿಸಿ ಇರುವಾಗ ಒಲೆ ಮುಂದೆ ನಿಲ್ಲುವವರು ಯಾರು? ಬಳ್ಳಾರಿ ಕಡೆಯ ತೆಲುಗು ಮನೆಗಳಲ್ಲಿ ಪಚ್ಚಿ ಪುಲುಸು ಅಂತ ಮಾಡುತ್ತಾರೆ, ಅದನ್ನೇ ನಾವು ಹಸಿ ಸಾರು ಅನ್ನುತ್ತೇವೆ. ನಿಂಬೆಹಣ್ಣಿನಷ್ಟು ಹುಣಸೆಹಣ್ಣು ನೆನೆಸಿ ಮೂರು ಲೋಟ ನೀರಿಗೆ ಕಿವುಚಿ. ನಾಲ್ಕು ಹಸಿಮೆಣಸಿನಕಾಯಿ ಉರಿಯ ಮೇಲೆ ಕಪ್ಪು ಚುಕ್ಕೆ ಬರುವ ತನಕ ಸುಟ್ಟು ಉಪ್ಪು, ಜೀರಿಗೆ ಜೊತೆ ಜಜ್ಜಿ ಹಾಕಿ. ಸಣ್ಣಗೆ ಹೆಚ್ಚಿದ ಹಸಿ ಉಳ್ಳಾಗಡ್ಡಿ, ಕೊತ್ತಂಬರಿ, ಸ್ವಲ್ಪ ಬೆಲ್ಲ. ಉಳ್ಳಾಗಡ್ಡಿಯನ್ನು ಕೈಯಲ್ಲೇ ಆ ರಸದಲ್ಲಿ ಹಿಚುಕಿ, ಅದರ ಸಾರವೆಲ್ಲ ಇಳಿಯಲಿ. ಮೇಲೊಂದು ಒಗ್ಗರಣೆ. ಬಿಸಿ ಅನ್ನಕ್ಕೆ ಸುರಿದು ಪಕ್ಕದಲ್ಲಿ ಸುಟ್ಟ ಹಪ್ಪಳ ಇಟ್ಟರೆ ಮನೆಯವರು ಬೇರೇನೂ ಕೇಳುವುದಿಲ್ಲ.

ತೀರಾ ಸುಸ್ತಾದ ದಿನ ಮಂಡಕ್ಕಿ ಒಗ್ಗರಣೆ. ಬೆಳಿಗ್ಗೆ ತಿಂಡಿ ಅಂತ ರಾತ್ರಿ ಮಾಡಬಾರದು ಅಂತೇನಿಲ್ಲ. ಮಂಡಕ್ಕಿಯನ್ನು ನೀರಲ್ಲಿ ಮುಳುಗಿಸಿದ ಕೂಡಲೇ ಎತ್ತಿ ಹಿಂಡಿ. ನೆನೆಯಲು ಬಿಟ್ಟರೆ ಅಂಟಾಗುತ್ತದೆ. ಪುಟಾಣಿ (ಹುರಿಗಡಲೆ) ಪುಡಿಯನ್ನು ಒಲೆ ಆರಿಸಿದ ಮೇಲೆ ಉದುರಿಸಿ.

ನೆಂಚಿಕೊಳ್ಳಲು ಹಸಿ ಏನಾದರೂ ಇರಲೇಬೇಕು. ಎಳೆ ಮೆಂತ್ಯಸೊಪ್ಪು, ಉಳ್ಳಾಗಡ್ಡಿ ತಪ್ಪಲು, ಸೌತೆಕಾಯಿ, ಗಜ್ಜರಿ. ಹಕ್ಕರಕಿ ಸೊಪ್ಪು ಸಿಕ್ಕರೆ ಬಿಡಬೇಡಿ, ತೊಳೆದು ಹಾಗೇ ರೊಟ್ಟಿ ಜೊತೆ ತಿನ್ನಿ. ಮೆಂತ್ಯಸೊಪ್ಪನ್ನು ಸಣ್ಣಗೆ ಹೆಚ್ಚಿ ಉಳ್ಳಾಗಡ್ಡಿ, ಶೇಂಗಾ ಪುಡಿ, ನಿಂಬೆರಸ, ಎರಡು ಹನಿ ಹಸಿ ಎಣ್ಣೆ ಕಲೆಸಿದರೆ ಅದೇ ಪಚಡಿ. ಉಪ್ಪನ್ನು ಉಣ್ಣುವಾಗ ಹಾಕಿ, ಮೊದಲೇ ಹಾಕಿದರೆ ನೀರು ಬಿಡುತ್ತದೆ.

ಒಂದು ವಿಷಯದಲ್ಲಿ ಮಾತ್ರ ನಾನು ಬಹಳ ಕಟ್ಟುನಿಟ್ಟು. ಉಳಿದ ಅಡುಗೆ. ಮಕ್ಕಳು ಚಿಕ್ಕವರಿದ್ದಾಗ ಒಂದು ಮೇ ತಿಂಗಳು ರಾತ್ರಿಯ ಬೇಳೆ ಸಾರನ್ನು ಮುಚ್ಚಿ ಒಲೆಯ ಮೇಲೇ ಬಿಟ್ಟಿದ್ದೆ. ಬೆಳಿಗ್ಗೆ ಅಂಚಿನಲ್ಲಿ ಸಣ್ಣ ನೊರೆ ಇತ್ತು. ಕುದಿಸಿದರೆ ಸರಿಹೋಗುತ್ತದೆ ಅಂದುಕೊಂಡು ಕುದಿಸಿ ಬಡಿಸಿದೆ. ಇಬ್ಬರೂ ಎರಡು ದಿನ ವಾಂತಿ ಭೇದಿಯಲ್ಲಿ ನರಳಿದರು. ಆ ಎರಡು ರಾತ್ರಿ ನಾನು ಮರೆತಿಲ್ಲ. ಕೆಟ್ಟದ್ದನ್ನು ಕುದಿಸಿದರೆ ಒಳ್ಳೆಯದಾಗುವುದಿಲ್ಲ. ನೊರೆ, ಹುಳಿ ವಾಸನೆ, ಲೋಳೆ ಕಂಡರೆ ಚೆಲ್ಲಿಬಿಡಿ. ಅನ್ನ, ಬೇಳೆ ಉಳಿದರೆ ಅಗಲ ತಟ್ಟೆಗೆ ಹರಡಿ ಬೇಗ ಆರಿಸಿ, ಊಟವಾದ ಒಂದು ತಾಸಿನೊಳಗೆ ಫ್ರಿಜ್ಜಿಗೆ ಇಡಿ. ನಮ್ಮ ಸೆಕೆಯಲ್ಲಿ ಕರೆಂಟು ತಾಸುಗಟ್ಟಲೆ ಹೋದ ದಿನ ಫ್ರಿಜ್ಜಿನಲ್ಲಿದ್ದದ್ದನ್ನೂ ಮೂಸಿ ನೋಡದೆ ಬಡಿಸಬೇಡಿ.

ಮೊನ್ನೆ ಮತ್ತೆ ಏಳೂವರೆಗೆ ಫೋನ್ ಬಂತು. ಏನು ಮಾಡಲಿ ಅಂತ ಕೇಳಲಿಕ್ಕಲ್ಲ. "ದೊಡ್ಡವ್ವ, ಝುಣಕ ಮುಚ್ಚಿಟ್ಟಿದ್ದೀನಿ, ಇನ್ನೂ ಎಣ್ಣೆ ಬಿಟ್ಟಿಲ್ಲ, ಎಷ್ಟು ಹೊತ್ತು ಬಿಡಲಿ?" ಅಂದಳು. ಇನ್ನೆರಡು ನಿಮಿಷ, ಅಷ್ಟರಲ್ಲಿ ಉಳ್ಳಾಗಡ್ಡಿ ಹೆಚ್ಚಿಕೋ ಅಂದೆ.