ಲೆಂಟಿವೈರಸ್ ಬಿಟ್ಟ ಮೇಲೆ ನ್ಯೂಕ್-1 ಕೈಗೆ ಸಿಕ್ಕಿತು

ಮಲಗಿರುವ ಎಚ್‌ಐವಿಯ ನ್ಯೂಕ್-1 (ವೈರಸ್ಸಿನ ಜೀನ್ ಶುರುವಾಗುವ ಜಾಗದಲ್ಲಿ ಡಿಎನ್‌ಎ ಸುತ್ತಿಕೊಂಡಿರುವ ಪ್ರೋಟೀನ್ ಉಂಡೆ, ಅಂದರೆ ನ್ಯೂಕ್ಲಿಯೋಸೋಮ್) ಎಷ್ಟು ಮುಚ್ಚಿದೆ ಎಂದು ಆಫ್ಲ್-2 ಎಂಬ ಡಿಎನ್‌ಎ ಕತ್ತರಿಸುವ ಕಿಣ್ವದಿಂದ ಅಳೆಯುವುದು ಆಗುವ ಕೆಲಸವಲ್ಲ ಎಂದು ನಮ್ಮ ಲ್ಯಾಬಿನಲ್ಲೇ ಮೂವರು ಹೇಳಿದ್ದರು. "ಇನ್ನೂ ಆಫ್ಲ್-2 ಹಿಡಿದುಕೊಂಡು ಕೂತಿದ್ದೀಯಲ್ಲ, ಸೀಕ್ವೆನ್ಸಿಂಗ್‌ಗೆ ಕೊಟ್ಟುಬಿಡು" ಎಂದು ಸೀನಿಯರ್ ಒಬ್ಬರು ಅಂದರು. ಹೋದ ತಿಂಗಳು ಅಳತೆಯಲ್ಲಿ ಮೂರನೇ ಸಲವೂ ಅದೇ ಉತ್ತರ ಬಂತು. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಪ್ರಶ್ನೆ ಚಿಕ್ಕದು. ಜೆ-ಲ್ಯಾಟ್ ಸೆಲ್‌ಗಳಲ್ಲಿ (ಎಚ್‌ಐವಿ ಅಡಗಿರುವ, ಅದು ಎದ್ದರೆ ಜಿಎಫ್‌ಪಿ ಎಂಬ ಹಸಿರು ಪ್ರೋಟೀನ್ ಹೊಳೆಯುವ ಸೆಲ್‌ಗಳು) ವೈರಸ್ ಮಲಗಿರುವಾಗ ನ್ಯೂಕ್-1 ಅನ್ನು ಅಲ್ಲೇ ಕೂರಿಸಿರುವುದು ಬಾಫ್ ಸಂಕೀರ್ಣವೇ (ನ್ಯೂಕ್ಲಿಯೋಸೋಮ್‌ಗಳನ್ನು ಸರಿಸುವ ಪ್ರೋಟೀನ್‌ಗಳ ಗುಂಪು)? ಹೌದು ಎಂದು 2011ರಲ್ಲೇ ಪೇಪರ್ ಬಂದಿದೆ. ನನಗೆ ನಮ್ಮ ಬೆಂಚಿನ ಮೇಲೆ ನೋಡಬೇಕಿತ್ತು.

ಮೊದಲ ನಾಲ್ಕು ತಿಂಗಳು ಎಂನೇಸ್ (ನ್ಯೂಕ್ಲಿಯೋಸೋಮ್‌ಗಳ ನಡುವಿನ ಬರಿ ಡಿಎನ್‌ಎ ಕತ್ತರಿಸುವ ಕಿಣ್ವ) ಜೊತೆ ಹೋಯಿತು. ವೈರಸ್ಸಿನ ಎರಡೂ ತುದಿಯಲ್ಲಿ ಅದೇ ಎಲ್‌ಟಿಆರ್ (ಎರಡು ಕಡೆಯೂ ಒಂದೇ ಆಗಿರುವ ತುಂಡು; ಜೀನ್ ಶುರು ಮಾಡುವುದು 5' ಕಡೆಯದು) ಇದೆ ಅಲ್ವಾ? ಎಂನೇಸ್ ಕೊಡುವ 150 ಬೇಸ್‌ನ ತುಂಡು 5' ಕಡೆಯದೋ 3' ಕಡೆಯದೋ ಗೊತ್ತಾಗುವುದೇ ಇಲ್ಲ. ಸೀಕ್ವೆನ್ಸಿಂಗ್‌ಗೆ ಕೊಟ್ಟರೂ ಇದೇ ಗೋಳು. ಸೀರಮ್, ಪ್ರೋಬ್, ಕಿಟ್ ಎಲ್ಲ ಸೇರಿ ಸುಮಾರು ಒಂದೂವರೆ ಲಕ್ಷ ಹೋಯಿತು.

ಆಗ 1990ರ ದಶಕದ ವಿಧಾನಕ್ಕೆ ಮರಳಿದೆ. ಆಫ್ಲ್-2 ಕತ್ತರಿಸುವ ಜಾಗ ನ್ಯೂಕ್-1ರ ಒಳಗೇ ಇದೆ, +60ರ ಆಸುಪಾಸು (ಆರ್‌ಎನ್‌ಎ ಬರೆಯಲು ಶುರುವಾಗುವ ಜಾಗದಿಂದ 60ನೇ ಬೇಸ್). ಆಗಿನವರು ಸದರ್ನ್ ಬ್ಲಾಟ್ ಮಾಡುತ್ತಿದ್ದರು. ನಾನು ಕ್ಯೂಪಿಸಿಆರ್ (ಡಿಎನ್‌ಎ ತುಂಡು ಎಷ್ಟಿದೆ ಎಂದು ಎಣಿಸುವ ವಿಧಾನ) ಹಾಕಿದೆ. ಮುಂದಿನ ಪ್ರೈಮರ್ ಎಲ್‌ಟಿಆರ್‌ನ ಆರ್ ಭಾಗದ ಶುರುವಿನಲ್ಲಿ, ಹಿಂದಿನದು ಎಲ್‌ಟಿಆರ್‌ನ ಕೊನೆಯ ಭಾಗ ಯು5 ದಾಟಿ ಗ್ಯಾಗ್ ಜೀನಿಗೆ ಮೊದಲಿನ ಲೀಡರ್‌ನಲ್ಲಿ. ಸುಮಾರು 200 ಬೇಸ್, 5' ಎಲ್‌ಟಿಆರ್ ಮಾತ್ರ ಬರುತ್ತದೆ. ಕತ್ತರಿಸದೆ ಉಳಿದದ್ದು ಎಷ್ಟೋ, ಮುಚ್ಚಿದ್ದು ಅಷ್ಟು. ಗ್ಯಾಗ್‌ನಲ್ಲಿ ಆಫ್ಲ್-2 ಜಾಗವಿಲ್ಲದ ಒಂದು ತುಂಡನ್ನು ಒಟ್ಟು ಡಿಎನ್‌ಎ ಎಷ್ಟು ಎಂಬ ಲೆಕ್ಕಕ್ಕೆ ಇಟ್ಟುಕೊಂಡೆ.

ಮೊದಲ ಸಲ ಎಲ್ಲಾ ಸ್ಯಾಂಪಲ್ಲೂ ಪೂರ್ತಿ ತೆರೆದಂತೆ ಬಂತು. ಕಾರಣ ಹುಡುಕಲು ಮೂರು ವಾರ ಬೇಕಾಯಿತು. ಕಿಣ್ವ ನಿಲ್ಲಿಸಲು ನಾನು ತಡ ಮಾಡುತ್ತಿದ್ದೆ. ನ್ಯೂಕ್ಲಿಯಸ್ ಒಡೆದು ಹೊರಬಂದ ಬೆತ್ತಲೆ ಡಿಎನ್‌ಎಯನ್ನು ಆಫ್ಲ್-2 ಚೆನ್ನಾಗಿ ಕತ್ತರಿಸುತ್ತಿತ್ತು. ಈಗ ಇಡಿಟಿಎ, ಎಸ್‌ಡಿಎಸ್ ಮೊದಲೇ ಪಿಪೆಟ್ಟಿನಲ್ಲಿ ತುಂಬಿಟ್ಟುಕೊಂಡು ಟೈಮರ್ ನೋಡುತ್ತೇನೆ. ನ್ಯೂಕ್ಲಿಯಸ್ ತೆಗೆಯುವಾಗ ಡಿಟರ್ಜೆಂಟ್ ಎಷ್ಟು, ಐಸ್ ಮೇಲೆ ಎಷ್ಟು ಹೊತ್ತು ಎನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ನಮ್ಮ ವಿದ್ಯಾರ್ಥಿನಿಯ ಪೇಪರ್ ಅದರ ಮೇಲೆ ನಿಂತಿದೆ.

ದೊಡ್ಡ ಏಟು ಬಿದ್ದದ್ದು ನಾಕ್‌ಡೌನ್‌ನಲ್ಲಿ, ಅಂದರೆ ಬಾಫ್‌ನ ಒಂದು ಪ್ರೋಟೀನಾದ ಏರಿಡ್1ಎ ಅನ್ನು ಇಳಿಸುವುದರಲ್ಲಿ. ಲಿಪಿಡ್‌ನಿಂದ ಎಸ್‌ಐಆರ್‌ಎನ್‌ಎ (ಜೀನ್ ಅದುಮುವ ಚಿಕ್ಕ ಆರ್‌ಎನ್‌ಎ) ಈ ಸೆಲ್‌ಗಳಿಗೆ ಹೋಗಲೇ ಇಲ್ಲ. ಎಲೆಕ್ಟ್ರೋಪೊರೇಷನ್ ಮಾಡಿದರೆ ಆ ಒತ್ತಡಕ್ಕೇ ಜಿಎಫ್‌ಪಿ ಹೊತ್ತಿಕೊಂಡಿತು. ಆ ಕಿಟ್ ಅರವತ್ತು ಸಾವಿರದ ಹತ್ತಿರ. ಸರಿ, ಲೆಂಟಿವೈರಸ್‌ನಲ್ಲಿ (ಎಚ್‌ಐವಿಯಿಂದಲೇ ಮಾಡಿದ, ಜೀನ್ ಒಯ್ಯುವ ವೆಕ್ಟರ್) ಅದೇ ಕೆಲಸದ ಎಸ್‌ಎಚ್‌ಆರ್‌ಎನ್‌ಎ ಹಾಕಿದೆ. ಏರಿಡ್1ಎ ವೆಸ್ಟರ್ನ್ ಬ್ಲಾಟ್‌ನಲ್ಲಿ (ಪ್ರೋಟೀನ್ ನೋಡುವ ಪರೀಕ್ಷೆ) ಸೊಗಸಾಗಿ ಇಳಿಯಿತು, ಆದರೆ ನನ್ನ ಅಂಕಿಗಳು ಹುಚ್ಚಾಪಟ್ಟೆ. ಒಂದು ರಾತ್ರಿ ವೆಕ್ಟರ್ ಮ್ಯಾಪ್ ತೆರೆದು ನೋಡಿದೆ. ಆರ್, ಯು5, ಲೀಡರ್ ಎಲ್ಲವೂ ಅದರಲ್ಲೇ ಇವೆ! ನನ್ನ ಪ್ರೈಮರ್ ವೆಕ್ಟರನ್ನೂ ಎಣಿಸುತ್ತಿತ್ತು. ಈ ಸೆಲ್‌ಗಳಲ್ಲಿ ಎಲ್‌ಟಿಆರ್ ನೋಡುವ ಎಲ್ಲರೂ ದಯವಿಟ್ಟು ಇದನ್ನು ಗಮನಿಸಿ.

ಇಲಿಯ ಲ್ಯುಕೇಮಿಯಾ ವೈರಸ್‌ನ ಹಳೇ ವೆಕ್ಟರ್ ಫ್ರೀಜರ್‌ನಲ್ಲಿ ಇತ್ತು. ಅದಕ್ಕೆ ಬದಲಾಯಿಸಿದೆ. ವೆಕ್ಟರ್ ಹೊಕ್ಕ ಸೆಲ್‌ಗಳಷ್ಟೇ ಉಳಿಯಲಿ ಎಂದು ಪ್ಯೂರೊಮೈಸಿನ್ ನಾಲ್ಕು ದಿನ. ನೆನಪಿನಿಂದ ಹೇಳುವುದಾದರೆ, ಮಾಮೂಲಿ ಸೆಲ್‌ಗಳಲ್ಲಿ ನೂರಕ್ಕೆ 85ರಷ್ಟು ಮುಚ್ಚಿತ್ತು. ವೈರಸ್ಸನ್ನು ಎಬ್ಬಿಸುವ ಟಿಎನ್‌ಎಫ್ ಕೊಟ್ಟರೆ 50. ಏರಿಡ್1ಎ ಇಳಿಸಿದರೆ ಏನೂ ಕೊಡದೆಯೇ 60ಕ್ಕೆ ಬಂತು. ಜಿಎಫ್‌ಪಿ ಹೊಳೆಯುವ ಸೆಲ್‌ಗಳು ನೂರಕ್ಕೆ ಒಂದೆರಡರಿಂದ ಏಳೆಂಟಕ್ಕೆ ಏರಿದವು. ಸೀಕ್ವೆನ್ಸಿಂಗ್‌ಗೆ ಕೊಡು ಎಂದ ಸೀನಿಯರ್ ಆ ಗ್ರಾಫ್‌ನ ಪ್ರಿಂಟ್ ಕೇಳಿ ಪಡೆದರು. ನನಗೆ ತುಂಬಾ ಖುಷಿಯಾಯಿತು.

ನಡುವೆ ಸುಮ್ನೆ ಐಎನ್‌ಐ1 ಕೂಡ ಇಳಿಸಿ ನೋಡಿದೆ. 1994ರಲ್ಲಿ ಗಂಜಾಂ ಕಲ್ಪನಾ ಮತ್ತು ಗಾಫ್ ತಂಡ ಎಚ್‌ಐವಿಯ ಇಂಟಿಗ್ರೇಸ್‌ಗೆ (ವೈರಸ್ ಡಿಎನ್‌ಎಯನ್ನು ಸೆಲ್‌ನ ಡಿಎನ್‌ಎಗೆ ಸೇರಿಸುವ ಕಿಣ್ವ) ಅಂಟುತ್ತದೆ ಎಂದು ತೋರಿಸಿದ ಪ್ರೋಟೀನ್ ಅದೇ. ಏನೂ ಕೊಡದಿದ್ದಾಗ ಜಿಎಫ್‌ಪಿ ಸ್ವಲ್ಪ ಏರಿತು, ಟಿಎನ್‌ಎಫ್ ಕೊಟ್ಟಾಗ ನಿರೀಕ್ಷೆಗಿಂತ ಕಡಿಮೆ. ಐಎನ್‌ಐ1 ಬಾಫ್‌ನಲ್ಲೂ ಇದೆ, ಅದರ ಸೋದರ ಸಂಕೀರ್ಣ ಪಿಬಾಫ್‌ನಲ್ಲೂ ಇದೆ. ಬಾಫ್ ಎಲ್‌ಟಿಆರ್ ಅನ್ನು ಅದುಮುತ್ತದೆ, ಪಿಬಾಫ್ ಟ್ಯಾಟ್‌ಗೆ (ವೈರಸ್ ಜೀನ್‌ಗಳನ್ನು ಜೋರು ಮಾಡುವ ವೈರಸ್ಸಿನದೇ ಪ್ರೋಟೀನ್) ನೆರವಾಗುತ್ತದೆ. ಎರಡನ್ನೂ ಒಟ್ಟಿಗೆ ಕೆಡಿಸಿದರೆ ಏನು ಓದುವುದು? ಬಾಫ್ ಮಾತ್ರ ಬೇಕಿದ್ದರೆ ಏರಿಡ್1ಎ ಹಿಡಿಯಿರಿ. ಪೈರಿಮೆಥಮಿನ್ ಕೂಡ ಹಾಕಿದೆ, ಬಾಫ್ ತಡೆಯುತ್ತದೆ ಎಂದು ರಾಟರ್‌ಡ್ಯಾಮ್‌ನಲ್ಲಿ ರೋಗಿಗಳಿಗೂ ಕೊಟ್ಟು ನೋಡಿದ ಔಷಧಿ. ಜಿಎಫ್‌ಪಿ ಏರಿತು, ಆದರೆ ಡೋಸ್ ಕೊಂಚ ಜಾಸ್ತಿಯಾದರೂ ಸೆಲ್‌ಗಳು ಸತ್ತವು.

ಒಂದು ಮಾತು: ನ್ಯೂಕ್ಲಿಯಸ್‌ಗಳನ್ನು ಫ್ರೀಜ್ ಮಾಡಿ ನಾಳೆ ಕತ್ತರಿಸೋಣ ಅನ್ನಬೇಡಿ. ಎರಡು ಸಲ ಮಾಡಿದೆ, ಎರಡು ಸಲವೂ ಎಲ್ಲವೂ ತೆರೆದೇ ಬಂತು. ಅದೇ ದಿನ ಮುಗಿಸಿ.